ಬಳ್ಳಾರಿ ಕುರಿಯ ಶ್ವಾಸಕೋಶದಿಂದಲೇ ಮ್ಯಾಕ್ರೋಫೇಜ್ ತೆಗೆದೆ

ಮಾಂಸದಂಗಡಿಯ ಶ್ವಾಸಕೋಶ ತಂದು ತೊಳೆದು, ಆಲ್ವಿಯೋಲಾರ್ ಮ್ಯಾಕ್ರೋಫೇಜ್ (ಶ್ವಾಸಕೋಶದ ಗಾಳಿಚೀಲಗಳಲ್ಲಿದ್ದು ರೋಗಾಣು ನುಂಗುವ ಜೀವಕೋಶ) ತೆಗೆದು, ಅದರೊಳಗೆ ಮೈಕೋಬ್ಯಾಕ್ಟೀರಿಯಾ (ಕ್ಷಯದ ಬ್ಯಾಕ್ಟೀರಿಯಾ ಸೇರಿದ ಗುಂಪು) ಬಿಟ್ಟು ಏನಾಗ್ತದೆ ನೋಡ್ತೀನಿ ಅಂದಾಗ ನಂಬಿದವರು ಕಡಿಮೆ. "ಎಲ್ಲಾ ಕಂಟಾಮಿನೇಷನ್ ಆಗ್ತದ್ರೀ ಮೇಡಂ, ಸುಮ್ನೆ ಇಲಿ ಸೆಲ್ ಲೈನ್ (ಲ್ಯಾಬಿನಲ್ಲೇ ಬೆಳೆಸುತ್ತಾ ಬಂದ ಸಿದ್ಧ ಜೀವಕೋಶ) ತರಿಸ್ರಿ" ಅಂತ ನಮ್ಮ ಲ್ಯಾಬಿನ ಹಿರಿಯರೇ ಹೇಳಿದ್ದರು. ಈಗ ತಿಂಗಳಿಗೆ ಮೂರ್ನಾಲ್ಕು ಬ್ಯಾಚ್ ಸ್ವಚ್ಛವಾಗಿ ಬರ್ತಿವೆ.

ಮೊದಲಿನ ಆರೇಳು ತಿಂಗಳು ಮಾತ್ರ ಬರೀ ನಷ್ಟ. ಸಂಜೆ ಹಾಕಿದ ಪ್ಲೇಟ್ ಬೆಳಗಾಗುವಷ್ಟರಲ್ಲಿ ಮಸುಕು. ಜೀವಕೋಶ ಬೆಳೆಸಲು ಬೇಕಾದ ಕರುವಿನ ಸೀರಮ್, ಅಂದರೆ ಎಫ್‌ಬಿಎಸ್, ಬಾಟಲಿ ಒಂದಕ್ಕೇ ಮೂವತ್ತು ಸಾವಿರದ ಆಸುಪಾಸು. ಅಂಥದ್ದು ಎರಡು ಬಾಟಲಿ ಚರಂಡಿ ಪಾಲಾಯಿತು. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ದುಪ್ಪಟ್ಟು ಹಾಕಿದರೂ ಬಗ್ಗಲಿಲ್ಲ. ಶಿಲೀಂಧ್ರಕ್ಕೆ ಆಂಫೊಟೆರಿಸಿನ್ ಹಾಕಿದರೆ ಜೀವಕೋಶಗಳೇ ಸೊರಗಿದವು.

ಕಾರಣ ಇದ್ದದ್ದು ಬಳ್ಳಾರಿಯ ಕೌಲ್ ಬಜಾರ್ ಕಡೆಯ ಮಾಂಸದಂಗಡಿಯಲ್ಲಿ, ಲ್ಯಾಬಿನಲ್ಲಲ್ಲ. ಕೊಯ್ಯುವಾಗ ಶ್ವಾಸನಾಳ, ಅನ್ನನಾಳ ಎರಡೂ ಒಟ್ಟಿಗೇ ತುಂಡಾಗ್ತವೆ. ಕುರಿ ಕೊನೆಯ ಉಸಿರು ಎಳೆಯುವಾಗ ರಕ್ತ, ಹೊಟ್ಟೆಯ ಮೇವಿನ ರಸ ಒಳಕ್ಕೆ ಹೋಗ್ತದೆ. ಕುರಿಗೆ ಬಲ ಶ್ವಾಸಕೋಶದ ಮುಂದಿನ ಹಾಲೆಯ (ಭಾಗದ) ಕೊಳವೆ ಮುಖ್ಯ ಕವಲಿಗಿಂತ ಮೊದಲೇ, ನೇರ ಶ್ವಾಸನಾಳದಿಂದ ಒಡೆಯುತ್ತದೆ. ಹೊಲಸು ಮೊದಲು ಅಲ್ಲಿ ಸೇರ್ತದೆ. ಆ ಹಾಲೆಗೆ ದಾರ ಬಿಗಿದು ಬಿಟ್ಟುಬಿಟ್ಟೆ. ಹಿಂದಿನ ಹಾಲೆಗಳನ್ನಷ್ಟೇ ತೊಳೆದೆ. ಅಂಗಡಿಯವರಿಗೂ ಹೇಳಿಟ್ಟಿದ್ದೇನೆ: "ಭಾಯ್, ಕೊಯ್ದ ತಕ್ಷಣ ನಾಳಕ್ಕೆ ದಾರ ಕಟ್ರಿ." ಜೋಡಿಗೆ ಅರವತ್ತು ರೂಪಾಯಿ, ದಾರದ ಕೆಲಸಕ್ಕೆ ಮೇಲೆ ಇಪ್ಪತ್ತು. ಅಷ್ಟಕ್ಕೇ ಅರ್ಧಕ್ಕಿಂತ ಹೆಚ್ಚು ಕಾಟ ನಿಂತಿತು.

ಉಳಿದದ್ದು ಮಾಮೂಲಿ ವಿಧಾನವೇ. ತಣ್ಣನೆ ಪಿಬಿಎಸ್ (ಉಪ್ಪಿನ ಬಫರ್ ದ್ರವ), ಕ್ಯಾಲ್ಸಿಯಂ-ಮೆಗ್ನೀಸಿಯಂ ಇಲ್ಲದ್ದು, ಜೀವಕೋಶ ಅಂಟಿಕೊಳ್ಳದಂತೆ ಸ್ವಲ್ಪ ಇಡಿಟಿಎ. ಶ್ವಾಸಕೋಶದೊಳಗೆ ತುಂಬಿ ಮೆಲ್ಲಗೆ ತಿಕ್ಕಿ, ಗಾಜ್ ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಸ್ಪಿನ್. ಮೊದಲ ತೊಳೆತ ಚೆಲ್ಲಿಬಿಡಿ. ಮೂರನೇ ತೊಳೆತಕ್ಕೆ ನಾನು ಒಂದು ವಸ್ತು ಸೇರಿಸ್ತೀನಿ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಂದು ಕುರಿಗೆ ಐದಾರು ಕೋಟಿ ಜೀವಕೋಶ. ಸತ್ತ ಜೀವಕೋಶಕ್ಕಷ್ಟೇ ಬಣ್ಣ ಹತ್ತಿಸುವ ಟ್ರಿಪಾನ್ ಬ್ಲೂ ಹಾಕಿ ನೋಡಿದರೆ ನೂರಕ್ಕೆ ತೊಂಬತ್ತು ಜೀವಂತ. ಇಷ್ಟು ಸಿಗಬೇಕಾದರೆ ಎಷ್ಟು ಇಲಿ ಬೇಕು, ಲೆಕ್ಕ ಹಾಕಿ.

ಸೋಂಕಿಗೆ ಸ್ಮೆಗ್ಮ್ಯಾಟಿಸ್ ಅನ್ನುವ, ಸಾಮಾನ್ಯವಾಗಿ ರೋಗ ತರದ ಮೈಕೋಬ್ಯಾಕ್ಟೀರಿಯಾ, ಒಂದು ಜೀವಕೋಶಕ್ಕೆ ಹತ್ತರಂತೆ. ಈ ಬ್ಯಾಕ್ಟೀರಿಯಾ ಗಂಟುಗಟ್ಟುತ್ತವೆ, ಗಂಟು ಬಿಡಿಸದಿದ್ದರೆ ಎಣಿಕೆಗೆ ಅರ್ಥವಿಲ್ಲ. ಸೋಪಿನಂಥ ಟ್ವೀನ್ 80 ಒಂದೇ ಸಾಲದು, ಸಣ್ಣ ಸೂಜಿಯಿಂದ ಎಳೆದು ಬಿಡಲೇಬೇಕು. ಜೀವಕೋಶದ ಹೊರಗುಳಿದ ಬ್ಯಾಕ್ಟೀರಿಯಾ ಕೊಲ್ಲಲು ಅಮಿಕಾಸಿನ್ ಆಂಟಿಬಯಾಟಿಕ್. ಸೋಂಕು ಮಾಡಿದ ನಾಲ್ಕು ಗಂಟೆಗೆ ಇದ್ದ ಕಾಲೊನಿಗಳಲ್ಲಿ (ಬದುಕಿದ ಬ್ಯಾಕ್ಟೀರಿಯಾದ ಲೆಕ್ಕ) ಮರುದಿನಕ್ಕೆ ಐದರಲ್ಲಿ ಒಂದು ಪಾಲು ಉಳಿದಿರ್ತದೆ. ಈ ಜೀವಕೋಶಗಳು ನುಂಗುವುದಷ್ಟೇ ಅಲ್ಲ, ಕೊಲ್ಲುತ್ತಲೂ ಇವೆ ಅನ್ನುವುದಕ್ಕೆ ಇದು ಸೂಚನೆ. ನುಂಗಿದ್ದನ್ನು ಹಿಡಿದಿಡುವ ಚೀಲ (ಫ್ಯಾಗೊಸೋಮ್) ಜೀರ್ಣಿಸುವ ಚೀಲದ (ಲೈಸೊಸೋಮ್) ಜೊತೆ ಕೂಡದಂತೆ ತಡೆಯುವ ಕ್ಷಯದ ಬ್ಯಾಕ್ಟೀರಿಯಾ ಇಷ್ಟು ಸುಲಭಕ್ಕೆ ಸಾಯುವುದಿಲ್ಲ, ಆದರೆ ಅದರ ಕೆಲಸಕ್ಕೆ ಬಿಎಸ್‌ಎಲ್-3 (ಹೆಚ್ಚಿನ ಸುರಕ್ಷತೆಯ ಲ್ಯಾಬ್) ಬೇಕು, ನಮ್ಮಲ್ಲಿಲ್ಲ.

ನೈಟ್ರಿಕ್ ಆಕ್ಸೈಡ್ ಆಗಿದೆಯೇ ಅಂತ ನೈಟ್ರೈಟ್ ಮೂಲಕ ತಿಳಿಸುವ ಗ್ರೀಸ್ ಪರೀಕ್ಷೆ ಮಾಡಿದಾಗ ಲ್ಯಾಬ್ ಸಭೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಜೀವಕೋಶ ಕೆರಳಿಸಲು ಎಲ್‌ಪಿಎಸ್ (ಬ್ಯಾಕ್ಟೀರಿಯಾ ಹೊದಿಕೆಯ ಅಂಶ) ಕೊಟ್ಟರೂ ನೈಟ್ರೈಟ್ ಏಳಲಿಲ್ಲ. "ನಿನ್ನ ಸೆಲ್ ಸತ್ತಾವ" ಅಂತ ಸಭೆಯಲ್ಲಿದ್ದವರು ಅಂದರು. ಸತ್ತಿರಲಿಲ್ಲ, ಎನ್‌ಬಿಟಿ ಬಣ್ಣ ಹಾಕಿದರೆ ಕಡುನೀಲಿ ಬಂತು, ಅಂದರೆ ಆಕ್ಸಿಡೇಟಿವ್ ಬರ್ಸ್ಟ್ (ರೋಗಾಣು ಕೊಲ್ಲಲು ಆಕ್ಸಿಜನ್ನಿನ ಉಗ್ರ ರೂಪ ಹೊರಡಿಸುವುದು) ಜೋರಾಗಿತ್ತು. ಇಲಿಯ ಮ್ಯಾಕ್ರೋಫೇಜ್ ನೈಟ್ರಿಕ್ ಆಕ್ಸೈಡ್ ಧಾರಾಳ ಮಾಡುತ್ತದೆ, ಈ ವಿಷಯದಲ್ಲಿ ಕುರಿ ಇಲಿಯಂತಲ್ಲ, ಮನುಷ್ಯನ ಮ್ಯಾಕ್ರೋಫೇಜ್ ಕೂಡ ಇಲಿಯಂತಲ್ಲ. ಹಾಗಾಗಿ ನಮ್ಮ ಪ್ರಶ್ನೆಗೆ ಕುರಿಯೇ ಮೇಲು ಅಂತ ಆ ಸಭೆಯಲ್ಲೇ ಹೇಳಿದೆ, ಈಗಲೂ ಹೇಳ್ತೀನಿ.

ಇದರ ನಡುವೆ ಸ್ಫಟಿಕ ಕಲ್ಲಿನ (ಸಿಲಿಕಾ) ಸಣ್ಣ ಪುಡಿ ಜೀವಕೋಶಗಳಿಗೆ ಮೊದಲು ಉಣಿಸಿ, ಆಮೇಲೆ ಸೋಂಕು ಮಾಡಿದೆ. ಗಣಿ, ಕ್ರಷರ್ ಇರುವ ಜಿಲ್ಲೆಯಲ್ಲಿ ಕೂತು ಇದನ್ನು ನೋಡದೇ ಇರಲಾಗಲಿಲ್ಲ. ಪುಡಿ ಉಣಿಸದವಕ್ಕೆ ಹೋಲಿಸಿದರೆ ಮರುದಿನ ಕಾಲೊನಿ ಹೆಚ್ಚುಕಡಿಮೆ ಎರಡರಷ್ಟು, ಜೀವಕೋಶ ಅರ್ಧ. ಸಿಲಿಕಾ ಲೈಸೊಸೋಮನ್ನೇ ಹರಿಯುತ್ತದೆ. ಸಿಲಿಕೋಸಿಸ್ (ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಇರುವವರಿಗೆ ಕ್ಷಯ ಬೇಗ ಹತ್ತುವುದಕ್ಕೆ ಇದೂ ಒಂದು ಕಾರಣ. ಇದನ್ನು ಮುಂದುವರಿಸುತ್ತಿದ್ದೇನೆ.

ರಾಯಚೂರು, ಕೊಪ್ಪಳದವರು ಮಾಡುವುದಿದ್ದರೆ ನವೆಂಬರಿನಲ್ಲಿ ಶುರು ಮಾಡಿ. ಏಪ್ರಿಲ್ ಬಿಸಿಲಿಗೆ ಶ್ವಾಸಕೋಶ ತರುವ ಥರ್ಮೊಕೋಲ್ ಡಬ್ಬಿಯ ಐಸ್ ನಿಲ್ಲೋದಿಲ್ಲ. ಕುರಿಯಿಂದ ಕ್ಯೂ ಜ್ವರ, ಬ್ರುಸೆಲ್ಲಾ ಸೋಂಕು ಎರಡೂ ಮನುಷ್ಯರಿಗೆ ಬರಬಹುದು, ಹಾಗಾಗಿ ಶ್ವಾಸಕೋಶವನ್ನು ಜೈವಿಕ ಸುರಕ್ಷತೆಯ ಕ್ಯಾಬಿನೆಟ್ ಒಳಗೇ ಬಿಚ್ಚಿ, ಎನ್95 ಹಾಕಿಕೊಂಡೇ.