ಬೆಸುಗೆ ಮುಟ್ಟಿಸದೆ ರವೆ ಕೂರಿಸಿದೆ

ಕೆಡಿಎಂ, ಅಂದರೆ ಕ್ಯಾಡ್ಮಿಯಂ ಲೋಹ ಬೆರೆಸಿದ ಬೆಸುಗೆ, ಬಿಟ್ಟರೆ ರವೆ ಕೆಲಸ (ಆಭರಣದ ಮೈಮೇಲೆ ಚಿನ್ನದ ಸಣ್ಣ ಸಣ್ಣ ಗುಂಡು ಕೂರಿಸುವುದು) ಆಗುವುದೇ ಇಲ್ಲ ಎಂದು ನಮ್ಮ ಪುತ್ತೂರು ಕಡೆಯ ಅಕ್ಕಸಾಲಿಗರಲ್ಲಿ ಹೆಚ್ಚಿನವರು ಈಗಲೂ ಹೇಳುತ್ತಾರೆ. ನಾನು ಎರಡು ವರ್ಷದಿಂದ ಕ್ಯಾಡ್ಮಿಯಂ ಮುಟ್ಟಿಲ್ಲ. ರವೆಯ ಅಡಿಗೆ ಬೆಸುಗೆಯನ್ನೇ ಇಡುತ್ತಿಲ್ಲ. ಆದರೂ ಜುಮುಕಿ, ಓಲೆ, ಪದಕ ಎಲ್ಲ ಮಾಡಿ ಕೊಟ್ಟಿದ್ದೇನೆ. ರವೆ ಉದುರಿತೆಂದು ಒಂದು ತುಂಡೂ ವಾಪಸು ಬಂದಿಲ್ಲ. "ಎಂತ ಮಾರಾಯ, ಬೆಸುಗೆ ಇಲ್ಲದೆ ಚಿನ್ನ ಹಿಡಿಯುವುದುಂಟಾ?" ಎಂದವರೇ ಈಗ ಅಂಗಡಿಗೆ ಬಂದು ಲೂಪ್ (ಭೂತಗನ್ನಡಿ) ಹಿಡಿದು ನೋಡಿ ಹೋಗುತ್ತಾರೆ. ಅವರಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲವನ್ನೂ ಅಲ್ಲ, ಮುಕ್ಕಾಲು ಪಾಲು.

ನನ್ನನ್ನು ಈ ದಾರಿಗೆ ಹಚ್ಚಿದ್ದು ಚಿನ್ನದ ಶುದ್ಧತೆಯ ಮುದ್ರೆಯಾದ ಹಾಲ್‌ಮಾರ್ಕ್. 2021ರ ಜೂನ್‌ನಲ್ಲಿ ಕಡ್ಡಾಯ ಶುರುವಾಯಿತು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ (ಒಂದೊಂದು ಆಭರಣಕ್ಕೂ ಕೊಡುವ ಬೇರೆ ಬೇರೆ ಗುರುತು ಸಂಖ್ಯೆ) ಇಲ್ಲದ ಮಾಲನ್ನು ಅಂಗಡಿಯವರು ಮಾರುವಂತಿಲ್ಲ ಎಂದಾಯಿತು. ಸಾದಾ ಬಳೆ ಮಾಡುವವರಿಗೆ ಇದರಿಂದ ಕಷ್ಟವಿಲ್ಲ, ಕಷ್ಟ ಇರುವುದು ರವೆಯವರಿಗೆ. 12 ಗ್ರಾಂನ ಒಂದು ಜುಮುಕಿಗೆ 18 ಕ್ಯಾರೆಟ್ಟಿನ ಬೆಸುಗೆ 300 ಮಿಲಿಗ್ರಾಂ ಹೋಯಿತು ಎಂದಿಟ್ಟುಕೊಳ್ಳಿ. ಮೈ ಚಿನ್ನ 918 (ಸಾವಿರದಲ್ಲಿ 918 ಪಾಲು ಶುದ್ಧ) ಇದ್ದರೂ ಒಟ್ಟು 914ರ ಹತ್ತಿರ ಬಂದು ನಿಲ್ಲುತ್ತದೆ. 22 ಕ್ಯಾರೆಟ್ಟಿನ 916ಕ್ಕೆ ಒಂದು ಕಡಿಮೆಯಾದರೂ ಮುದ್ರೆ ಬೀಳುವುದಿಲ್ಲ. ಎಕ್ಸ್‌ಆರ್‌ಎಫ್ ಎಂಬ ಶುದ್ಧತೆ ಅಳೆಯುವ ಯಂತ್ರದ ಕಿರಣ ರವೆಸಾಲಿನ ಮೇಲೆಯೇ ಬಿದ್ದರೆ ಇನ್ನೂ ಕೆಳಗೆ ತೋರಿಸುತ್ತದೆ. ಆ ವರ್ಷ ಮದುವೆಯ ಸಮಯದಲ್ಲಿ ನನ್ನ ನಾಲ್ಕೈದು ಜೊತೆ ಓಲೆ ಹಾಗೇ ತಿರುಗಿ ಬಂದವು. ಕರಗಿಸಿ, ಶುದ್ಧ ಮಾಡಿಸಿ, ಮತ್ತೆ ಮೊದಲಿನಿಂದ ಮಾಡಿದೆ. ಮಜೂರಿ ಪೂರ್ತಿ ಹೋಯಿತು.

ಕ್ಯಾಡ್ಮಿಯಂ ಹಾಕಿದ ಬೆಸುಗೆ 22 ಕ್ಯಾರೆಟ್ಟಿನಲ್ಲಿಯೇ ಬೇಗ ಕರಗುತ್ತದೆ, ಹಾಗಾಗಿ ಒರೆ (ಶುದ್ಧತೆ) ಇಳಿಯುವುದಿಲ್ಲ. ಹಿಂದಿನವರು ಅದಕ್ಕೇ ಅಂಟಿಕೊಂಡದ್ದು. ಆದರೆ ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿದು ಹೊಗೆಯಾಗುತ್ತದೆ, ನಾವು ಕೆಲಸ ಮಾಡುವುದು ಅದಕ್ಕಿಂತ ಮೇಲಿನ ಬಿಸಿಯಲ್ಲಿ. ಆ ಹೊಗೆ ಶ್ವಾಸಕೋಶಕ್ಕೆ, ಮೂತ್ರಪಿಂಡಕ್ಕೆ ಇಳಿಯುತ್ತದೆ. ನನ್ನ ದೊಡ್ಡಪ್ಪ ನಲವತ್ತು ವರ್ಷ ಕಿಟಕಿ ಇಲ್ಲದ ಕೋಣೆಯಲ್ಲಿ ಕೂತು ಬೆಂಕಿ ಊದಿದವರು. ಕೊನೆಗೆ ಅಂಗಡಿಯ ಮೂರು ಮೆಟ್ಟಿಲು ಹತ್ತಲಿಕ್ಕೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ನನ್ನ ಮಗ ಅದೇ ಪೀಠದಲ್ಲಿ ಕೂರುವವನು. ಅವನ ಮುಂದೆ ಕ್ಯಾಡ್ಮಿಯಂ ಡಬ್ಬಿ ಇಡಬಾರದು ಎಂದು ಗಟ್ಟಿ ಮಾಡಿದೆ.

ಮೊದಲು ಮಾರ್ಕೆಟ್ಟಿನ ಕ್ಯಾಡ್ಮಿಯಂ ಇಲ್ಲದ 22 ಕ್ಯಾರೆಟ್ ಬೆಸುಗೆ ಪುಡಿ ತರಿಸಿದೆ. ಅದರಲ್ಲಿ ಸತುವು ಇರುತ್ತದೆ. ಸರದ ಕೊಂಡಿಗೆ, ಉಂಗುರದ ಜೋಡಣೆಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಈಗಲೂ ಬಳಸುತ್ತೇನೆ. ರವೆಗೆ ಮಾತ್ರ ಬೇಡ. ಪುಡಿ ಕರಗುವ ಬಿಸಿಗೂ ತಗಡು ಕುಸಿಯುವ ಬಿಸಿಗೂ ನಡುವೆ ಅಂತರವೇ ಸಿಗುವುದಿಲ್ಲ. ಸಿಕ್ಕಿದರೂ ಬೆಸುಗೆ ಹರಿದು ರವೆಯ ಕುತ್ತಿಗೆ ತುಂಬಿಕೊಳ್ಳುತ್ತದೆ. ಒಳ್ಳೆಯ ರವೆ ತಗಡಿನ ಮೇಲೆ ಒಂದು ಬಿಂದುವಿನಲ್ಲಿ ಮಾತ್ರ ನಿಲ್ಲಬೇಕು, ಅದರ ಅಡಿಯಲ್ಲಿ ನೆರಳು ಕಾಣಬೇಕು. ಆ ನೆರಳಿನಿಂದಲೇ ರವೆಗೆ ಜೀವ. ಅಚ್ಚಿನಲ್ಲಿ ಎರಕ ಹೊಯ್ದು ಬರುವ ಮಾಲಿನಲ್ಲಿ ಇಲ್ಲದ್ದೂ ಅದೇ.

ತಾಮ್ರದ ಉಪ್ಪಿನಿಂದ ರವೆ ಹಿಡಿಸಬಹುದು ಎಂಬುದು ಹೊಸ ವಿಷಯವಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ಲಿಟ್ಲ್‌ಡೇಲ್ ಎಂಬವರು ಇದಕ್ಕೆ ಪೇಟೆಂಟ್ ತೆಗೆದಿದ್ದರು. ತಾಮ್ರ ಚಿನ್ನಕ್ಕೆ ತಾಗಿದ ಬಿಂದುವಿನಲ್ಲಿ ಮಾತ್ರ ಎರಡೂ ಬೇರೆ ಬೇರೆಯಾಗಿ ಕರಗುವುದಕ್ಕಿಂತ ಮೊದಲೇ ಕರಗಿ ಒಂದಾಗುತ್ತವೆ. ತತ್ವ ಇಷ್ಟೇ. ನನಗೆ ಅದನ್ನು ನಮ್ಮ ಚಿನ್ನದಲ್ಲಿ, ನಮ್ಮ ಬೆಂಕಿಯಲ್ಲಿ ಕೂರಿಸಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು.

ತಾಮ್ರಕ್ಕೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ನಮ್ಮ ಊರಿನಲ್ಲಿ ಮೈಲುತುತ್ತ (ತಾಮ್ರದ ನೀಲಿ ಉಪ್ಪು) ಇಲ್ಲದ ಮನೆ ಇಲ್ಲ. ಮೊದಲು ಆ ಮದ್ದಿನ, ಅಂದರೆ ತುತ್ತ-ಸುಣ್ಣದ ಬೋರ್ಡೋ ದ್ರಾವಣದ ಡ್ರಮ್ಮಿನಡಿಯ ನೀಲಿ ಗಸಿಯನ್ನೇ ಒಣಗಿಸಿ ಹಚ್ಚಿದೆ. ಅದರಲ್ಲಿ ಸುಣ್ಣ ಇದೆಯಲ್ಲ, ಬೆಂಕಿ ಕೊಟ್ಟ ಮೇಲೆ ರವೆಯ ಬುಡದಲ್ಲಿ ಬಿಳಿ ಹಕ್ಕಳೆ ಕೂತಿತು. ಉಗುರಿನಲ್ಲಿ ಒತ್ತಿದರೆ ಸಾಲಿಗೆ ಸಾಲೇ ಎದ್ದು ಬರುತ್ತಿತ್ತು. ಬರೀ ತುತ್ತ ಅರೆದು ಹಚ್ಚಿದಾಗ ಅದು ಬಿಸಿಗೆ ನೀರು ಬಿಟ್ಟು ಉಬ್ಬಿ ರವೆಗಳನ್ನು ನೂಕಿ ಹಾಕಿತು. ಕೊನೆಗೆ ಸರಿಬಂದದ್ದು ಬಟ್ಟೆ ಒಗೆಯುವ ಸೋಡಾ. ತುತ್ತದ ನೀರಿಗೆ ಸೋಡಾದ ನೀರನ್ನು ನಿಧಾನ ಸುರಿಯಬೇಕು. ನೊರೆ ಎದ್ದು, ಹಸಿರು-ನೀಲಿ ಗಸಿ ಅಡಿಗೆ ಇಳಿಯುತ್ತದೆ. ಮೇಲಿನ ನೀರು ಚೆಲ್ಲಿ ಮತ್ತೆ ಮತ್ತೆ ತೊಳೆಯಬೇಕು. ತೊಳೆದದ್ದು ಸಾಲದಿದ್ದರೆ ಕಪ್ಪು ಕಲೆ ಬರುತ್ತದೆ. ಕಬ್ಬಿಣದ ಪಾತ್ರೆ, ಕಬ್ಬಿಣದ ಚಮಚ ಮುಟ್ಟಿಸಬಾರದು, ತಾಮ್ರ ಎಲ್ಲ ಅದಕ್ಕೇ ಹತ್ತಿಬಿಡುತ್ತದೆ. ಒಂದು ಕಿಲೋ ತುತ್ತ ತಂದರೆ ನನ್ನ ಆಯುಷ್ಯಕ್ಕೆ ಸಾಕು.

ರವೆಯನ್ನು ಜಾಗದಲ್ಲಿ ನಿಲ್ಲಿಸುವ ಅಂಟಿಗೆ ಗುಲಗಂಜಿ. ಇದು ನಮ್ಮ ಹಿರಿಯರದ್ದೇ, ಇದರಲ್ಲಿ ನಾನು ಏನೂ ಬದಲು ಮಾಡಿಲ್ಲ. ಅಂಗಡಿಯ ಗೋಂದು, ಪೇಟೆಯ ಜೆಲ್ ಎಲ್ಲ ಹಾಕಿ ನೋಡಿದೆ. ಸುಟ್ಟಾಗ ಗುಲಗಂಜಿಯಷ್ಟು ತೆಳ್ಳಗೆ ಇದ್ದಿಲಾಗುವುದು ಬೇರೆ ಯಾವುದೂ ಇಲ್ಲ. ಆ ಇದ್ದಿಲೇ ತಾಮ್ರವನ್ನು ಬಿಡಿಸಿ ಕೊಡುವುದು. ಸಿಪ್ಪೆ ಬಿಟ್ಟ ಬೇಳೆಯನ್ನು ನೆನೆಸಿ ಕಲ್ಲಿನ ಮೇಲೆ ತೇಯಬೇಕು, ಅಂದಂದಿನದ್ದು ಅಂದಂದಿಗೆ. ಬೀಜ ಒಡೆದರೆ ಘೋರ ವಿಷ, ಕೈಯಲ್ಲಿ ಗಾಯ ಇದ್ದರೆ ಮುಟ್ಟಲೇಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಗಸಿಗೂ ಗುಲಗಂಜಿಗೂ ಎಷ್ಟಕ್ಕೆ ಎಷ್ಟು, ಜೊತೆಗೆ ಹಾಕುವ ಮೂರನೆಯ ಪದಾರ್ಥ ಯಾವುದು ಎಂಬುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಚಿನ್ನ ಬೆರೆಸುವುದರಲ್ಲಿ ನಾನು ತಿಂದ ಪೆಟ್ಟು ದೊಡ್ಡದು. ಶುದ್ಧ ಚಿನ್ನಕ್ಕೆ ಬೆರೆಸಲು ಮಾರ್ಕೆಟ್ಟಿನಲ್ಲಿ ಸಿಗುವ ಸಿದ್ಧ ಅಲಾಯ್‌ಗಳಲ್ಲಿ ಸತುವು ಇರುತ್ತದೆ, ಕೆಲವದರಲ್ಲಿ ಸಿಲಿಕಾನ್. ಎರಕಕ್ಕೆ ಅವು ಬೇಕು, ರವೆಗೆ ಅವೇ ಶತ್ರು. ಮೈಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿ ತಾಮ್ರವನ್ನು ಒಳಗೆ ಬಿಡುವುದಿಲ್ಲ. ವಾರಗಟ್ಟಲೆ ಬೆಂಕಿ ಬದಲಿಸಿದೆ, ಅಂಟು ಬದಲಿಸಿದೆ. ಚಿನ್ನವನ್ನು ಬದಲಿಸಿದ ದಿನ ಹಿಡಿಯಿತು. ಈಗ ಶುದ್ಧ ಚಿನ್ನಕ್ಕೆ ಬೆಳ್ಳಿ, ತಾಮ್ರ ಎರಡೇ ಹಾಕುತ್ತೇನೆ. ತಾಮ್ರದ ಎರಡರಷ್ಟು ಬೆಳ್ಳಿ. ಒಟ್ಟು 920ಕ್ಕೆ ನಿಲ್ಲಿಸುತ್ತೇನೆ. ಬಣ್ಣ ಸ್ವಲ್ಪ ಹಸಿರು ಹಳದಿ ಬರುತ್ತದೆ, ಊರಿನವರಿಗೆ ಕೆಂಪು ಬಣ್ಣವೇ ಬೇಕು. ಅದಕ್ಕೆ ಉಪ್ಪು, ಪಟಿಕ ಹಾಕಿ ಬಣ್ಣ ಏರಿಸುವ ಹಳೆಯ ಕ್ರಮ ಇದ್ದೇ ಇದೆ.

ರವೆ ಕಟ್ಟಲು 0.3 ಮಿಲಿಮೀಟರಿಗೆ ತಂತಿ ಎಳೆದು, 0.7ರ ಸೂಜಿಗೆ ಒತ್ತಾಗಿ ಸುತ್ತಿ, ಸೀಳಿ ಬಳೆಬಳೆಯಾಗಿ ಬಿಡಿಸುತ್ತೇನೆ. ಎಲ್ಲ ಬಳೆಯೂ ಒಂದೇ ತೂಕ, ಆದ್ದರಿಂದ ಎಲ್ಲ ರವೆಯೂ ಒಂದೇ ಗಾತ್ರ, ಮುಕ್ಕಾಲು ಮಿಲಿಮೀಟರಿನ ಹತ್ತಿರ. ಗ್ರಾಂಗೆ ಇನ್ನೂರೈವತ್ತರಷ್ಟು ಸಿಗುತ್ತವೆ. ಮೂಸೆಯಲ್ಲಿ ಇದ್ದಿಲ ಪುಡಿಯ ಪದರಗಳ ನಡುವೆ ಹಾಕಿ ಕಾಯಿಸಿ ಬಳೆಗಳನ್ನು ಗುಂಡಾಗಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ. ಪುಡಿ ಗಂಧದಷ್ಟು ನುಣ್ಣಗಿರಲಿ, ಅಷ್ಟು ಸಾಕು.

ಈಗ ಬೆಂಕಿ. ರವೆ ಜೋಡಿಸಿದ ತುಂಡು ಪೂರ್ತಿ ಒಣಗಿರಬೇಕು, ಹಸಿ ಇದ್ದರೆ ಹಬೆ ಎದ್ದು ಸಾಲು ಕದಲುತ್ತದೆ. ಫ್ಯಾನ್ ಬಂದ್, ಬಾಗಿಲು ಬಂದ್, ಲೈಟೂ ಬಂದ್. ಇದ್ದಿಲಿನ ಮೇಲೆ ಇಟ್ಟು, ಗಾಳಿ ಕಡಿಮೆ ಮಾಡಿದ ಮೆತ್ತನೆಯ ಹಳದಿ ಜ್ವಾಲೆ ಸುತ್ತಲಿಂದ ಕೊಡುತ್ತೇನೆ. ಮೊದಲು ಹಸಿರು ಹೋಗಿ ಕಪ್ಪಾಗುತ್ತದೆ. ಅಂಟು ಇದ್ದಿಲಾಗಿ ತುಂಡಿಗೆ ತುಂಡೇ ಮಸಿ ಬಡಿದ ಹಾಗೆ ಕಾಣುತ್ತದೆ. ಹೆದರಬೇಕಿಲ್ಲ. ಕೆಂಪು ಏರಿ ಕಿತ್ತಳೆಗೆ ತಿರುಗುವಾಗ ಕಪ್ಪು ತನ್ನಷ್ಟಕ್ಕೆ ಹರಿದು ಹೋಗುತ್ತದೆ. ಆಮೇಲೆ ಒಂದು ಕ್ಷಣ ರವೆಗಳ ಬುಡದಿಂದ ಹೊಳಪು ಎದ್ದು ಇಡೀ ಮೈಮೇಲೆ ಓಡುತ್ತದೆ, ಕನ್ನಡಿ ತಿರುಗಿಸಿದಂತೆ. ಅಲ್ಲಿಗೆ ಜ್ವಾಲೆ ಎತ್ತಬೇಕು. ಇನ್ನೊಂದು ಉಸಿರು ತಡೆದರೆ ರವೆ ಕುಸಿದು ತಗಡಿನೊಳಗೆ ಇಳಿಯುತ್ತದೆ. ಹಾಗೆ ಇಳಿದ ತುಂಡುಗಳು ಈಗಲೂ ಒಂದು ಸಣ್ಣ ಡಬ್ಬಿಯಲ್ಲಿವೆ, ಮಗನಿಗೆ ತೋರಿಸಲು. ಹೊಳಪಿಗೆ ಮೊದಲು ಸಿಗುವ ಒಂದು ಸೂಚನೆ ಇದೆ, ಅದನ್ನು ಹೇಳಿದರೆ ಆಗುವುದಿಲ್ಲ, ಪಕ್ಕದಲ್ಲಿ ಕೂತೇ ನೋಡಬೇಕು.

ಜುಮುಕಿಯ ಗುಮ್ಮಟದಲ್ಲಿ ಇಳಿಜಾರು ಇರುವುದರಿಂದ ಒಂದೇ ಬೆಂಕಿಗೆ ಎಲ್ಲ ಸಾಲೂ ನಿಲ್ಲುವುದಿಲ್ಲ. ಎರಡು ಮೂರು ಸಲ ಮಾಡುತ್ತೇನೆ. ಬೆಸುಗೆಯಾದರೆ ಎರಡನೇ ಬೆಂಕಿಗೆ ಮೊದಲಿನದ್ದು ಸಡಿಲವಾಗುವ ಭಯ. ಇಲ್ಲಿ ತಾಮ್ರ ಚಿನ್ನದೊಳಗೆ ಹರಡಿಹೋಗಿರುವುದರಿಂದ ಜೋಡಣೆ ಮೊದಲಿಗಿಂತ ಗಟ್ಟಿಯಾಗಿರುತ್ತದೆ. ಈ ಒಂದೇ ಲಾಭಕ್ಕಾಗಿಯಾದರೂ ಈ ಕ್ರಮ ಕಲಿಯಬೇಕು.

ನಡುವೆ ಬೇರೆ ಆಟಗಳೂ ಆದವು. ಚಿನ್ನ ಹಾಳು ಮಾಡುವುದು ಬೇಡವೆಂದು ಮೊದಲು ಬೆಳ್ಳಿಯಲ್ಲಿ ಮಾಡಿದೆ. ಎರಡನೇ ದಿನಕ್ಕೇ ಹಿಡಿಯಿತು. ಆದರೆ ಬೆಳ್ಳಿ ಬಿಸಿಯನ್ನು ಹರಡುವ ರೀತಿಯೇ ಬೇರೆ, ಆ ಲೆಕ್ಕ ಚಿನ್ನಕ್ಕೆ ಉಪಯೋಗಕ್ಕೆ ಬರಲಿಲ್ಲ. ಕರೆಂಟಿನ ಸಣ್ಣ ಫರ್ನೇಸ್ ಒಂದನ್ನು ಮೂವತ್ತು ಸಾವಿರಕ್ಕೆ ಹಳೆಯದು ತಂದೆ. ಒಳಗೆ ಗಾಳಿ ಇದ್ದದ್ದರಿಂದ ತಾಮ್ರ ಕಪ್ಪಾಗಿಯೇ ಉಳಿಯಿತು. ಇದ್ದಿಲು ತುಂಬಿದ ಡಬ್ಬಿಯೊಳಗೆ ಇಟ್ಟಾಗ ಚಪ್ಪಟೆ ಪದಕಗಳು ಬಂದವು, ಜುಮುಕಿ ಬರಲಿಲ್ಲ. ಹದಿನೆಂಟಕ್ಕೆ ಮಾರಿದೆ. ಹರಳಿನ ವ್ಯಾಪಾರಿಯಿಂದ ಮಲಕೈಟ್ ಕಲ್ಲು ತಂದು ಅರೆದೂ ನೋಡಿದೆ, ಅದೂ ತಾಮ್ರದ ಉಪ್ಪೇ ತಾನೆ. ಹಿಡಿಯಿತು! ಎರಡು ಸಾವಿರ ವರ್ಷ ಹಿಂದಿನವರು ಹೀಗೇ ಮಾಡಿರಬೇಕು ಎಂದು ಅಂದು ರಾತ್ರಿ ತುಂಬ ಸಂತೋಷವಾಯಿತು. ಆದರೆ ಎಷ್ಟು ಅರೆದರೂ ತರಿ ಉಳಿಯುತ್ತದೆ, ತುತ್ತವೇ ಮೇಲು. ತೀರಾ ಸಣ್ಣ ರವೆಗೆ, ಅರ್ಧ ಮಿಲಿಮೀಟರಿಗಿಂತ ಕೆಳಗಿನದ್ದಕ್ಕೆ, ಚಿನ್ನ ತೊಳೆದು ಹಳೆಯದಾದ ಆಸಿಡ್ ನೀರಿನಲ್ಲಿ ಕಬ್ಬಿಣದ ತಂತಿಯ ಜೊತೆ ಹಾಕಿಟ್ಟರೆ ಮೈಗೆ ಗುಲಾಬಿ ತಾಮ್ರ ಕೂರುತ್ತದೆ. ಅದಷ್ಟೇ ಸಾಕು, ಬರೀ ಗುಲಗಂಜಿ ಹಚ್ಚಿ ಕೂರಿಸಿದರೆ ಆಯಿತು.

ಎಲ್ಲ ಸರಿಬಂದ ಮೇಲೆ ಮೊದಲ ದೊಡ್ಡ ಕೆಲಸ ಒಂದು ಭಟ್ರ ಮನೆಯದ್ದು. ಅಜ್ಜಿಯ ಓಲೆಯ ಕೆಂಪು ಕಲ್ಲುಗಳನ್ನು ತಂದು, "ಆಚಾರ್ರೇ, ಕಲ್ಲು ಇದೇ ಇರಬೇಕು, ರವೆ ಹಳೆಯ ಕಾಲದ ಹಾಗೆ ಇರಬೇಕು" ಎಂದರು. ಒಂದೊಂದು ಜುಮುಕಿಗೆ ಮುನ್ನೂರರಷ್ಟು ರವೆ. ರವೆಯ ಬೆಂಕಿ ಎಲ್ಲ ಮುಗಿದ ಮೇಲೆಯೇ ಕಲ್ಲು ಕಟ್ಟಬೇಕು, ಇದರಲ್ಲಿ ಅವಸರ ಸಲ್ಲ. ಕೆಂಪು ಕಲ್ಲು ಬೆಂಕಿಯನ್ನು ತಾಳುತ್ತದೆ ಎಂದು ಧೈರ್ಯ ಮಾಡುವವರಿದ್ದಾರೆ. ಬಿಸಿಯಲ್ಲಿ ಬಿಳಿಗಾರ (ಬೊರಾಕ್ಸ್) ತಾಗಿದರೆ ಕಲ್ಲಿನ ಮೈ ತಿಂದು ಮಂಕಾಗುತ್ತದೆ.

ಅದರಲ್ಲಿ ಎರಡು ಕಲ್ಲು ಕಡಿಮೆ ಬಿದ್ದವು. ಬೇರೆ ಊರಿನ ವ್ಯಾಪಾರಿಯೊಬ್ಬರು ಕಡಿಮೆಗೆ ಕೊಟ್ಟ ಕಲ್ಲನ್ನು ಕಟ್ಟುವ ಮೊದಲು ಆಸಿಡ್ ನೀರಿಗೆ ಹಾಕಿ ನೋಡಿದೆ. ಮೈತುಂಬ ಬಿಳಿ ಗೆರೆ ಎದ್ದವು. ಬಿರುಕಿಗೆ ಸೀಸದ ಗಾಜು ತುಂಬಿದ ಮಾಲು. ಲೂಪಿನಲ್ಲಿ ತಿರುಗಿಸಿ ನೋಡಿದರೆ ನೀಲಿ ಮಿಂಚು, ಒಳಗೆ ಗುಳ್ಳೆ. ಕಟ್ಟಿದ ಮೇಲೆ ಗೊತ್ತಾಗಿದ್ದರೆ ಅಜ್ಜಿಯ ಕಲ್ಲನ್ನೇ ಬದಲಿಸಿದೆ ಎಂಬ ಮಾತು ನನ್ನ ಮೇಲೆ ಬರುತ್ತಿತ್ತು. ಈಗ ಯಾರ ಕೆಂಪು ಕಲ್ಲೇ ಇರಲಿ, ಅವರ ಎದುರೇ ಲೂಪ್ ಹಿಡಿದು ನೋಡಿ, ಫೋಟೋ ತೆಗೆದೇ ಒಳಗಿಡುವುದು.

ಆ ಜುಮುಕಿ ಯಂತ್ರದಲ್ಲಿ 918 ತೋರಿಸಿತು. ಯಂತ್ರ ನೋಡುವುದು ಮೈಮೇಲಿನ ಪದರವನ್ನು ಮಾತ್ರ ಎನ್ನುವವರಿಗಾಗಿ, ರವೆ ತುಂಬಿದ ಒಂದು ಬಿಲ್ಲೆಯನ್ನು ಬೇರೆಯೇ ಮಾಡಿ ಕರಗಿಸುವ ಪರೀಕ್ಷೆಗೂ ಕೊಟ್ಟೆ. 917 ಬಂತು. ಆ ಚೀಟಿಯನ್ನು ಫ್ರೇಮ್ ಹಾಕಿಸಿ ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿದ್ದೇನೆ.

ಖರ್ಚಿನ ಲೆಕ್ಕ: ಕರಗಿಸಿ, ಶುದ್ಧ ಮಾಡಿಸಿ ಒಟ್ಟು ನಾಲ್ಕು ಗ್ರಾಂ ಚಿನ್ನ ಹೋಗಿರಬೇಕು. ಆಗ ಗ್ರಾಂಗೆ ಐದೂವರೆ ಸಾವಿರದ ಆಸುಪಾಸು. ಫರ್ನೇಸಿನ ನಷ್ಟ ಬೇರೆ. ಆ ಮಳೆಗಾಲ ಅಂಗಡಿಯ ಬಾಡಿಗೆಯನ್ನು ಹೆಂಡತಿಯ ಹೊಲಿಗೆ ದುಡ್ಡಿನಲ್ಲಿ ಕಟ್ಟಿದೆವು. ಈಗ ನಾನು ತೂಕಕ್ಕೆ ಇಷ್ಟು ಶೇಕಡಾ ಎಂದು ಮಜೂರಿ ಹೇಳುವುದಿಲ್ಲ, ರವೆ ಎಣಿಸಿ ಹೇಳುತ್ತೇನೆ. ಒಂದಕ್ಕೆ ಹನ್ನೆರಡು ರೂಪಾಯಿ. ಮೊದಮೊದಲು ಗಿರಾಕಿಗಳು ಹುಬ್ಬೇರಿಸಿದರು. ಲೂಪ್ ಕೊಟ್ಟು ಅಡಿಯ ನೆರಳು ತೋರಿಸಿದ ಮೇಲೆ ಚೌಕಾಸಿ ನಿಂತಿತು. ಕೈಯಲ್ಲಿ ಯಾವಾಗಲೂ ನಾಲ್ಕು ತಿಂಗಳ ಕೆಲಸ ಇದೆ.

ಬಾಕಿ ಇರುವುದು 18 ಕ್ಯಾರೆಟ್. ವಜ್ರದ ಪದಕಕ್ಕೆ ಅಂಚಿನಲ್ಲಿ ರವೆ ಬೇಕೆಂದು ಬೆಂಗಳೂರಿನಿಂದ ಕೇಳುತ್ತಿದ್ದಾರೆ. ಅದರ ಮೈಯಲ್ಲೇ ತಾಮ್ರ ಹೆಚ್ಚಿರುವುದರಿಂದ ಹೊಳಪು ಏಳುವ ಮೊದಲೇ ಕಪ್ಪು ಕಟ್ಟುತ್ತದೆ. ಬೆಳ್ಳಿ ಏರಿಸಿದರೆ ಬಣ್ಣ ಬಿಳಚಿಕೊಂಡು ವಜ್ರದ ಪಕ್ಕ ಚೆನ್ನಾಗಿ ಕಾಣುವುದಿಲ್ಲ. ಹತ್ತರಲ್ಲಿ ಆರು ಏಳು ರವೆ ಹಿಡಿಯುವಲ್ಲಿಗೆ ಬಂದಿದ್ದೇನೆ, ಅಷ್ಟಕ್ಕೆ ಮಾಲು ಕೊಡಲಾಗದು. ಕ್ಯಾಡ್ಮಿಯಂ ಇಲ್ಲದೆ 18ರಲ್ಲಿ ರವೆ ನಿಲ್ಲಿಸಿದವರು ಯಾರಾದರೂ ಇದ್ದರೆ ನಿಮ್ಮ ಬೆರಕೆ ಹೇಳಿ, ನನ್ನ ಮೂರನೆಯ ಪದಾರ್ಥ ಹೇಳುತ್ತೇನೆ.