ಅಡಿಕೆ ಕೊಳೆಗೆ ಬೋರ್ಡೋ: ಗುಟ್ಟು ಇರುವುದು ಸುಣ್ಣದಲ್ಲಿ

ಮೇ ಕೊನೆಗೆ ಶಿರಸಿ ಕಡೆ ಇಬ್ಬರು ಅಡಿಕೆ ಬೆಳೆಗಾರರು ಎದುರಾದರೆ ಮೊದಲ ಮಾತು ಒಂದೇ: ‘ಮದ್ದು ಹೊಡೆದಾಯ್ತಾ?’ ಮದ್ದು ಅಂದರೆ ಬೋರ್ಡೋ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ದ್ರಾವಣ. ಮಳೆಗಾಲದಲ್ಲಿ ಅಡಿಕೆಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಇದನ್ನು ಹೊಡೆಯುತ್ತೇವೆ. ಕೊಳೆ ಹತ್ತಿದ ಕಾಯಿಯನ್ನು ಇದು ವಾಸಿ ಮಾಡುವುದಿಲ್ಲ. ಹಿಂದೆ ಹಿರಿಯರು ಮಳೆ ತಾಗದಂತೆ ಅಡಿಕೆ ಕೊನೆಗೆ, ಅಂದರೆ ಗೊಂಚಲಿಗೆ, ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರಲ್ಲ, ಇದೂ ಹಾಗೇ. ರೋಗ ಬರುವ ಮೊದಲೇ ಕಾಯಿಯ ಮೇಲೆ ಕೂತಿರಬೇಕು.

ರೋಗ ತರುವುದು ಫೈಟಾಫ್ತೊರಾ. ನಾವೆಲ್ಲ ಶಿಲೀಂಧ್ರ ಅನ್ನುತ್ತೇವೆ, ವಿಜ್ಞಾನಿಗಳು ಮಾತ್ರ ಅದನ್ನು ಪಾಚಿಯ ನಂಟಿಗೆ ಸೇರಿಸುತ್ತಾರೆ. ನೀರಲ್ಲಿ ಈಜುವ ಬೀಜಕಣ ಅದರದು. ಮಳೆಹನಿ ಸಿಡಿದರೆ ಸಾಕು, ಪಕ್ಕದ ಕೊನೆಗೆ ದಾಟುತ್ತದೆ.

100 ಲೀಟರ್‌ಗೆ ಬೇಕಾದ್ದು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಒಳ್ಳೆಯ ಸುಣ್ಣ. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ, ಕಬ್ಬಿಣದ್ದು ಬೇಡವೇ ಬೇಡ. ಮೈಲುತುತ್ತವನ್ನು ಹಿಂದಿನ ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿ, 10 ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಹಾಕಿ. ಕರಗಿದ್ದು ಭಾರವಾಗಿ ತಾನೇ ಕೆಳಗಿಳಿಯುತ್ತದೆ, ಕದಡುವ ಕೆಲಸವಿಲ್ಲ. ತಳಕ್ಕೆ ಸುರಿದರೆ ಬೆಳಿಗ್ಗೆಯೂ ಹರಳು ಹಾಗೇ ಇರುತ್ತದೆ.

ಸುಟ್ಟ ಸುಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ. ಕುದಿದು ಹಾರುತ್ತದೆ, ಮುಖ ದೂರ ಇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ತಣಿದ ಮೇಲೆ 90 ಲೀಟರ್ ನೀರಿಗೆ ಕಲಸಿ, ಬಟ್ಟೆಯಲ್ಲಿ ಸೋಸಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹುಯ್ಯುತ್ತ ಕೋಲಾಡಿಸಿ. ತಿರುಗುಮುರುಗು ಮಾಡಬೇಡಿ. ಆಕಾಶದಂಥ ತಿಳಿನೀಲಿ ಬರಬೇಕು.

ಈಗ ಕತ್ತಿ ಪರೀಕ್ಷೆ. ಹೊಳೆಯುವ ಕಬ್ಬಿಣದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪಗಾಗಿದ್ದರೆ ತಾಮ್ರ ಸುಣ್ಣದೊಂದಿಗೆ ಸೇರದೆ ಉಳಿದಿದೆ ಅಂತ ಅರ್ಥ. ಇನ್ನಷ್ಟು ಸುಣ್ಣದ ತಿಳಿ ಹಾಕಿ, ಮತ್ತೆ ಅದ್ದಿ. ಒಂದು ವರ್ಷ ನಾನೇ ಹಳೆಯ, ಗಾಳಿಗೆ ಸತ್ತ ಸುಣ್ಣ ಹಾಕಿದ್ದೆ; ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಕಾಯ್ತಿದ್ದಾನೆ ಅಂತ ಕತ್ತಿಯನ್ನೂ ಅದ್ದಲಿಲ್ಲ. ಎಳೆಕಾಯಿ ಸುಟ್ಟು ಕಪ್ಪಾದವು. ತೂಕ ಸರಿಯಿತ್ತು, ಸುಣ್ಣದಲ್ಲಿ ಜೀವ ಇರಲಿಲ್ಲ ಅಷ್ಟೇ.

ಕಲಸಿದ್ದನ್ನು ಅವತ್ತೇ ಮುಗಿಸಿ. ಮಳೆಗಾಲ ಹಿಡಿಯುವ ಮೊದಲು ಒಮ್ಮೆ, 40–45 ದಿನ ಬಿಟ್ಟು ಹೊಳವು (ಮಳೆಯ ಬಿಡುವು) ಸಿಕ್ಕಾಗ ಇನ್ನೊಮ್ಮೆ. ಮಳೆ ಬಿಡದಿದ್ದರೆ ಮೂರನೆಯದೂ ಬೇಕಾದೀತು. ಕಾಯಿ ಒಣಗಿರಬೇಕು, ಮದ್ದು ಕೊನೆಯ ಒಳಗೂ ತಾಗಬೇಕು. ಸುಮ್ನೆ ಸೋಗೆಗೆ, ಅಂದರೆ ಗರಿಗೆ, ಹೊಡೆದು ಏನು ಬಂತು?

ಕೆಳಗೆ ಬಿದ್ದ ಕೊಳೆಕಾಯಿಗಳನ್ನು ಹೆಕ್ಕಿ ಸುಟ್ಟುಬಿಡಿ, ಮರದ ಬುಡದಲ್ಲಿ ಬಿಡಬೇಡಿ. ಡ್ರಮ್ ತೊಳೆದ ನೀರನ್ನು ತೋಟದ ಕೆಳಗಿನ ಹಳ್ಳಕ್ಕೂ ಬಿಡಬೇಡಿ, ತಾಮ್ರಕ್ಕೆ ಮೀನು ಸಾಯುತ್ತವೆ.