ಕಾರಿಗೆ ಸಿಎನ್‌ಜಿ ಕಿಟ್: ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ ನೋಡಿ

‘ಮೊದಲು ಕಿಟ್ ಹಾಕ್ಸೋಣ, ಆರ್‌ಸಿ ಆಮೇಲೆ ನೋಡ್ಕೊಳ್ಳೋಣ.’ ಪೆಟ್ರೋಲ್ ಕಾರಿಗೆ ಸಿಎನ್‌ಜಿ ಹಾಕಿಸುವವರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಆಮೇಲೆ ಇವರೇ ಆರ್‌ಟಿಒ ಕಚೇರಿ ಮುಂದೆ ಫೈಲು ಹಿಡಿದುಕೊಂಡು ನಿಂತಿರುತ್ತಾರೆ. ಕೆಲಸವನ್ನು ತಿರುಗಾಮುರುಗಾ ಮಾಡಿದರೆ ಆಗುವುದೇ ಹಾಗೆ.

ಕಾನೂನು ಕಷ್ಟದ್ದೇನಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ತಯಾರಿಸಿ ಆರ್‌ಸಿಯಲ್ಲಿ ಬರೆಸಿಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಇಂಧನ ಬದಲಿಸುವ ಕಿಟ್‌ಗೆ ಮಾತ್ರ ಕಾನೂನಿನಲ್ಲೇ ದಾರಿ ಇದೆ, ಆದರೆ ಷರತ್ತುಗಳ ಜೊತೆ. ಷರತ್ತು ಮುರಿದರೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಮೆಕ್ಯಾನಿಕ್‌ಗೆ ಅಲ್ಲ, ನಿಮಗೆ.

ಹೆಜ್ಜೆ 1: ಆರ್‌ಸಿ ತೆಗೆದು ಓದಿ. ಮಾದರಿ, ಸಿಸಿ, ಹೊಗೆ ನಿಯಮದ ಮಟ್ಟ (ಬಿಎಸ್ 4 ಅಥವಾ ಬಿಎಸ್ 6), ಸಾಲ ಇದೆಯೋ ಇಲ್ಲವೋ ನೋಡಿ. ಬಿಎಸ್ 6 ಪೆಟ್ರೋಲ್ ಕಾರುಗಳಿಗೆ ಕಿಟ್ ಹಾಕಲು 2022ರಲ್ಲಿ ಅವಕಾಶ ಕೊಟ್ಟರು, ಅದೂ 3.5 ಟನ್‌ಗಿಂತ ಕಡಿಮೆ ತೂಕದವಕ್ಕೆ. ಸಾಲ ತೀರಿಲ್ಲ ಅಂದರೆ ಬ್ಯಾಂಕಿನ ಒಪ್ಪಿಗೆ ಪತ್ರ ಈಗಲೇ ತನ್ನಿ.

ಹೆಜ್ಜೆ 2: ಕಿಟ್ ಮತ್ತು ಕಾರಿನ ಜಾತಕ ಕೂಡಿಸಿ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ. ‘ಅಪ್ರೂವ್ಡ್ ಕಿಟ್ ಸಾರ್’ ಅಂದ ಮಾತ್ರಕ್ಕೆ ಅದು ನಿಮ್ಮ ಕಾರಿಗೆ ಅಪ್ರೂವ್ ಆಗಿದೆ ಎಂದಲ್ಲ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳು ಕಿಟ್ ಪರೀಕ್ಷಿಸಿ ಟೈಪ್ ಅಪ್ರೂವಲ್ ಪ್ರಮಾಣಪತ್ರ ಕೊಡುತ್ತವೆ. ಅದರಲ್ಲಿ ಯಾವ ವಾಹನಕ್ಕೆ, ಎಷ್ಟು ಸಿಸಿಗೆ, ಯಾವ ಬಿಎಸ್‌ಗೆ ಎಂದು ಬರೆದಿರುತ್ತದೆ. ನಿಮ್ಮ ಆರ್‌ಸಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿ. ಬಿಎಸ್ 4 ಕಿಟ್‌ನ ಕಾಗದ ತೋರಿಸಿ ಬಿಎಸ್ 6 ಕಾರಿಗೆ ಕೂರಿಸುವವರಿದ್ದಾರೆ. ಆ ಪ್ರಮಾಣಪತ್ರದ ಅವಧಿ ಮೂರು ವರ್ಷ, ಆಮೇಲೆ ನವೀಕರಿಸಬೇಕು. ಮುಗಿದುಹೋದ ಪ್ರತಿಯ ಜೆರಾಕ್ಸ್ ಕೊಟ್ಟು ಸಾಗಹಾಕುವುದು ಮಾಮೂಲು, ಆದ್ದರಿಂದ ತಾರೀಖು ನೋಡದೆ ಮುಂಗಡ ಕೊಡಬೇಡಿ. ಕಿಟ್ ಕೂರಿಸುವ ಗ್ಯಾರೇಜಿಗೂ ಸಾರಿಗೆ ಇಲಾಖೆಯ ಅನುಮತಿ ಬೇಕು. ಗೋಡೆಗೆ ಹಾಕಿದ ಬೋರ್ಡು ಸಾಲದು, ಕಾಗದ ಕೇಳಿ.

ಇನ್ನು ಸಿಲಿಂಡರ್. ಇದರ ಒತ್ತಡ 200 ಬಾರ್, ಅಂದರೆ ಟೈರಿನಲ್ಲಿರುವ ಗಾಳಿಯ ಸುಮಾರು ನೂರು ಪಟ್ಟು. ಅದಕ್ಕೇ ಕಿಟ್‌ನ ಕಾಗದ ಬೇರೆ, ಸಿಲಿಂಡರ್‌ನ ಕಾಗದ ಬೇರೆ. ಸಿಲಿಂಡರ್‌ಗೆ ಅನುಮೋದನೆ ಕೊಡುವುದು ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊ, ಸ್ಫೋಟಕಗಳ ಸುರಕ್ಷತೆಯ ಸಂಸ್ಥೆ. ಸಿಲಿಂಡರ್‌ನ ಕತ್ತಿನ ಹತ್ತಿರ ಕ್ರಮಸಂಖ್ಯೆ, ಎಷ್ಟು ಲೀಟರ್ ನೀರು ಹಿಡಿಯುತ್ತದೆ ಎಂಬ ಅಳತೆ, ಪರೀಕ್ಷೆ ಮಾಡಿದ ತಾರೀಖು ಕೊರೆದಿರುತ್ತಾರೆ. ಈ ಸಂಖ್ಯೆ ಪ್ರಮಾಣಪತ್ರದಲ್ಲೂ ಬಿಲ್‌ನಲ್ಲೂ ಒಂದೊಂದು ಅಂಕಿಯೂ ಬಿಡದೆ ಒಂದೇ ಇರಬೇಕು. ಡಿಕ್ಕಿಯಲ್ಲಿ ಬಿಗಿದ ಮೇಲೆ ಆ ಅಕ್ಷರಗಳು ಗೋಡೆ ಕಡೆ ತಿರುಗಿಕೊಂಡರೆ ಇನ್ಸ್‌ಪೆಕ್ಟರ್‌ಗೆ ತೋರಿಸಲು ಸಿಲಿಂಡರ್ ಬಿಚ್ಚಬೇಕಾಗುತ್ತದೆ. ಹಾಗಾಗಿ ಕೂರಿಸುವ ಮೊದಲೇ ಫೋಟೊ ತೆಗೆಯಿರಿ, ಬರಹ ಕಾಣುವ ಹಾಗೇ ಕೂರಿಸಲು ಹೇಳಿ. ಆ ಕೊರೆದ ತಾರೀಖಿನಿಂದ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ ಕಡ್ಡಾಯ. ಎರಡು ವರ್ಷ ಗೋಡೌನಿನಲ್ಲಿ ಬಿದ್ದಿದ್ದ ‘ಹೊಸ’ ಸಿಲಿಂಡರ್ ತಗೊಂಡರೆ ನಿಮಗೆ ಸಿಗುವುದು ಒಂದೇ ವರ್ಷ.

ಸೆಕೆಂಡ್ ಹ್ಯಾಂಡ್ ಸಿಲಿಂಡರ್ ಬೇಡವೇ ಬೇಡ, ಎಷ್ಟೇ ಅಗ್ಗವಾಗಲಿ. ಇಂಜೆಕ್ಷನ್ ಎಂಜಿನ್‌ಗೆ ಸೀಕ್ವೆನ್ಷಿಯಲ್ ಕಿಟ್ (ಎಂಜಿನ್‌ನ ಒಂದೊಂದು ಸಿಲಿಂಡರ್‌ಗೂ ಸರದಿಯಂತೆ ಗ್ಯಾಸ್ ಬಿಡುವಂಥದ್ದು) ಬಿಟ್ಟು ಬೇರೆ ನೋಡಬೇಡಿ. ಹಳೆ ಮಿಕ್ಸರ್ ಕಿಟ್ ಅಗ್ಗ, ಆದರೆ ಅದು ಕಾರ್ಬ್ಯುರೇಟರ್ ಕಾಲದ್ದು. ಎಲ್‌ಪಿಜಿ ಕಿಟ್ ಹಾಕಿಸಿ ಅಡುಗೆ ಸಿಲಿಂಡರ್‌ನಿಂದ ಗ್ಯಾಸ್ ತುಂಬಿಸುವ ಜಾಣರ ವಿಷಯ ಇಲ್ಲಿ ಮಾತಾಡುವುದೇ ಬೇಡ. ಅದು ಅಪರಾಧ, ಅಪಾಯವೂ ಹೌದು.

ಹೆಜ್ಜೆ 3: ಕೂರಿಸಿ. ವಾಲ್ವ್ ಡಿಕ್ಕಿಯೊಳಗಿದ್ದರೆ ಅದಕ್ಕೆ ಗ್ಯಾಸ್ ಸೋರದ ಮುಚ್ಚಳ, ಅಲ್ಲಿಂದ ಕಾರಿನ ಹೊರಕ್ಕೆ ಕೊಳವೆ ಇರಲೇಬೇಕು. ಲೀಕ್ ಟೆಸ್ಟ್ ನಿಮ್ಮ ಕಣ್ಣೆದುರೇ ಮಾಡಿಸಿ. ಅರ್ಧ ಕ್ವಿಂಟಲ್‌ಗೆ ಹತ್ತಿರದ ಭಾರ ಹಿಂದಕ್ಕೆ ಬೀಳುತ್ತದೆ, ಸಸ್ಪೆನ್ಷನ್ ಸವೆದಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಹೆಜ್ಜೆ 4: 14 ದಿನದೊಳಗೆ ಆರ್‌ಟಿಒಗೆ ತಿಳಿಸಿ. ಪರಿವಾಹನ್ ಜಾಲತಾಣದಲ್ಲಿ ವಾಹನದ ಮಾರ್ಪಾಡಿನ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಗಾಡಿ ತೋರಿಸಿ. ಆರ್‌ಸಿ, ಕಿಟ್ ಮತ್ತು ಸಿಲಿಂಡರ್ ಪ್ರಮಾಣಪತ್ರ, ಗ್ಯಾರೇಜಿನ ಬಿಲ್, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಜೊತೆಯಲ್ಲಿರಲಿ. ಬ್ರೋಕರ್ ಬೇಕಾ ಅಂತ ಕೇಳಿದರೆ ಬೇಡ ಅನ್ನುತ್ತೇನೆ. ಕಾಗದ ಸರಿ ಇದ್ದರೆ ಅವರು ಮಾಡುವುದು ಸುಮ್ನೆ ಫೈಲು ಕೊಡುವ ಕೆಲಸ. ಕಾಗದ ಸರಿ ಇಲ್ಲದಿದ್ದರೆ ‘ಮಾಡಿಸ್ಕೊಡ್ತೀನಿ’ ಅನ್ನುವವರ ಮಾತು ಇನ್ನೂ ಅಪಾಯ. ಹೊಸ ಆರ್‌ಸಿ ಬಂದಾಗ ಇಂಧನದ ಜಾಗದಲ್ಲಿ ಪೆಟ್ರೋಲ್/ಸಿಎನ್‌ಜಿ ಅಂತ ಇದೆಯಾ ನೋಡಿಯೇ ಮುಂದಿನ ಕೆಲಸಕ್ಕೆ ಹೋಗಿ.

ಹೆಜ್ಜೆ 5: ಇನ್ಶೂರೆನ್ಸ್ ಕಂಪನಿಗೆ ಬರೆದು ಪಾಲಿಸಿಯಲ್ಲಿ ಕಿಟ್ ಸೇರಿಸಿ. ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗುತ್ತದೆ. ತಿಳಿಸದೇ ಬಿಟ್ಟರೆ ಅಪಘಾತದ ದಿನ ಕ್ಲೇಮಿಗೆ ತಕರಾರು ಬರುತ್ತದೆ.

ಖಾಸಗಿ ಕಾರಿನ ನೋಂದಣಿ 15 ವರ್ಷದ್ದು. ನವೀಕರಣಕ್ಕೆ ಹೋದಾಗ ಗಾಡಿಯನ್ನು ಆರ್‌ಸಿ ಜೊತೆ ಇಟ್ಟು ನೋಡುತ್ತಾರೆ, ದಾಖಲಾಗದ ಸಿಲಿಂಡರ್ ಆ ದಿನ ಸಿಕ್ಕಿಬೀಳುತ್ತದೆ. ಬಂಪರ್ ಮುಂದೆ ಹಾಕಿಸಿದ ಕಬ್ಬಿಣದ ಬುಲ್ ಬಾರ್ ಕೂಡ ಆಗಲೇ ಕಣ್ಣಿಗೆ ಬೀಳುವುದು. ಅದು ಬೇಡ ಅಂತ ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಬಣ್ಣ ಬದಲಿಸುವ ಆಸೆ ಇದ್ದರೂ ಮೊದಲು ಆರ್‌ಟಿಒದಲ್ಲಿ ಕೇಳಿ, ಬಣ್ಣವೂ ಆರ್‌ಸಿಯಲ್ಲಿರುತ್ತದೆ ಅಲ್ವಾ?

ಮುಂದೆ ಕಾರು ಮಾರುವಾಗ ಕಿಟ್ ಬಿಚ್ಚಿ ಹೊಸ ಗಾಡಿಗೆ ಹಾಕಿಕೊಳ್ಳುವ ಯೋಚನೆ ಬಂದರೆ, ಬಿಚ್ಚುವುದೂ ಮಾರ್ಪಾಡೇ. ಹಳೆ ಆರ್‌ಸಿಯನ್ನು ಮತ್ತೆ ಪೆಟ್ರೋಲ್‌ಗೆ ತರಿಸಿಯೇ ಮಾರಿ, ಹೊಸ ಗಾಡಿಗೆ ಎರಡನೇ ಹೆಜ್ಜೆಯಿಂದ ಎಲ್ಲವನ್ನೂ ಮತ್ತೆ ನೋಡಿ.